ಬಾಣಂತನಕ್ಕೆ ಬರುವ ಅಪ್ಪ-ಅಮ್ಮಂಗೆ ಫ್ರಾಂಕ್‌ಫರ್ಟ್‌ನಲ್ಲಿ ಎಷ್ಟು ಹೊತ್ತು ಇಟ್ಕೊಳ್ಳಲಿ?

ತುಂಗಾತೀರದವಳು

ಎಲ್ಲರಿಗೂ ನಮಸ್ಕಾರ. ನಾನಿರೋದು ಅಮೆರಿಕದ ಅಯೋವಾದಲ್ಲಿ, ಡೆ ಮಾಯ್ನ್ ಊರು. ನನಗೀಗ ಐದು ತಿಂಗಳು. ಬಾಣಂತನಕ್ಕೆ ಅಪ್ಪ-ಅಮ್ಮ ತೀರ್ಥಹಳ್ಳಿಯಿಂದ ಬರ್ತಿದ್ದಾರೆ. ಅಪ್ಪಂಗೆ 71, ಅಮ್ಮಂಗೆ 66. ವಿಮಾನ ಹತ್ತಿರೋದು ಒಂದೇ ಸಲ, ಕಾಶಿಗೆ ಹೋದಾಗ. ಅಮ್ಮಂಗೆ ಮಂಡಿನೋವು. ಅಪ್ಪ ಚೆನ್ನಾಗಿ ನಡೀತಾರೆ, ಕಿವಿ ಮಾತ್ರ ಸ್ವಲ್ಪ ಮಂದ. ಅಪ್ಪ ಇಂಗ್ಲಿಷ್ ಓದ್ತಾರೆ, ಮಾತಾಡೋಕೆ ಹಿಂಜರೀತಾರೆ. ಅಮ್ಮಂಗೆ ಅಕ್ಷರ ಗುರುತು ಸಿಗುತ್ತೆ, ಅಷ್ಟೆ. ಅಮೆರಿಕದ ವೀಸಾ ಬಂದಾಗಿದೆ.

ಮೂರು ಥರ ಟಿಕೆಟ್ ಸಿಕ್ತಿದೆ.

ಮೊದಲನೇದು ಬೆಂಗಳೂರು, ಫ್ರಾಂಕ್‌ಫರ್ಟ್, ಶಿಕಾಗೊ, ಡೆ ಮಾಯ್ನ್, ಎಲ್ಲಾ ಒಂದೇ ಟಿಕೆಟ್. ಫ್ರಾಂಕ್‌ಫರ್ಟ್‌ನಲ್ಲಿ 1 ಗಂಟೆ 25 ನಿಮಿಷ, ಶಿಕಾಗೊದಲ್ಲಿ 2 ಗಂಟೆ 10 ನಿಮಿಷ. ಎರಡನೇದೂ ಇದೇ ದಾರಿ, ಆದರೆ ಫ್ರಾಂಕ್‌ಫರ್ಟ್‌ನಲ್ಲಿ 4 ಗಂಟೆ 20 ನಿಮಿಷ. ಇಬ್ಬರಿಗೂ ಸೇರಿ 18,000 ರೂಪಾಯಿ ಜಾಸ್ತಿ. ಮೂರನೇದು ಎರಡು ಬೇರೆ ಬೇರೆ ಟಿಕೆಟ್: ಬೆಂಗಳೂರಿಂದ ಫ್ರಾಂಕ್‌ಫರ್ಟ್‌ಗೆ ಒಂದು ಕಂಪನಿ, ಅಲ್ಲಿಂದ ಮುಂದೆ ಇನ್ನೊಂದು. ಮಧ್ಯೆ ಆರು ಗಂಟೆ ಸಿಗುತ್ತೆ, 40,000 ಉಳಿಯುತ್ತೆ.

ನಮ್ಮೆಜಮಾನ್ರು ಮೊದಲನೇದೇ ಸಾಕು ಅಂತಾರೆ. ಕಂಪನಿಯವರೇ ಮಾರ್ತಿದ್ದಾರೆ ಅಂದ್ಮೇಲೆ ಸಾಕಾಗುತ್ತೆ ಅನ್ನೋದು ಅವರ ಲೆಕ್ಕ. ನನಗೆ ರಾತ್ರಿ ನಿದ್ದೆ ಬರ್ತಿಲ್ಲ. ಹೋಗಿ ಬಂದವರು ದಯವಿಟ್ಟು ಹೇಳಿ.

ಧಾರವಾಡದಾಂವ

ಅಕ್ಕಾರ, ನಾ ವರ್ಷಕ್ಕ ಆರೇಳು ಸಲ ಫ್ರಾಂಕ್‌ಫರ್ಟ್ ಮ್ಯಾಲಿಂದ ಹೋಗ್ತೀನ್ರಿ. ಟರ್ಮಿನಲ್ 1ರಾಗ ಇಳದು ಅಲ್ಲೇ ಹತ್ತೋದಿದ್ರ ಕನಿಷ್ಠ 45 ನಿಮಿಷ ಅಂತ ವಿಮಾನ ನಿಲ್ದಾಣದವ್ರ ಲೆಕ್ಕನ ಐತಿ. ನಿಮಗ 85 ನಿಮಿಷ ಅದಾವು. ನಂದು ಒಂದ ಸಲಾನೂ ತಪ್ಪಿಲ್ಲ. ಬೋರ್ಡ್ ಎಲ್ಲಾ ಇಂಗ್ಲಿಷಿನ್ಯಾಗೂ ಇರ್ತಾವು. ಸುಮ್ನ ಚಿಂತಿ ಮಾಡಬ್ಯಾಡ್ರಿ, ಈ ಹೊತ್ತಿನ್ಯಾಗ ನಿಮಗ ನಿದ್ದಿ ಮುಖ್ಯ.

ಮೈನ್ ಹೊಳೆ ದಂಡೆ

ನಾನು ಫ್ರಾಂಕ್‌ಫರ್ಟ್‌ನಲ್ಲೇ 11 ವರ್ಷದಿಂದ ಇದ್ದೀನಿ. ನಮ್ಮ ಕಡೆಯವರನ್ನ ಬಿಡೋದಕ್ಕೆ, ಕರ್ಕೊಳ್ಳೋದಕ್ಕೆ ಅಂತ ಆ ನಿಲ್ದಾಣಕ್ಕೆ ಹೋಗಿ ಹೋಗಿ ಮೂಲೆಮೂಲೆ ಪರಿಚಯ. ಧಾರವಾಡದ ಅಣ್ಣ ಹೇಳಿದ 45 ನಿಮಿಷ ಸುಳ್ಳಲ್ಲ. ಅದು ಗಟ್ಟಿ ಕಾಲಿನ, ದಾರಿ ಗೊತ್ತಿರೋ, ಮುಂದಿನ ಸಾಲಿನ ಸೀಟಿನಲ್ಲಿ ಕೂತವರ 45 ನಿಮಿಷ. ತಂಗಿ, ನಿಮ್ಮ ಅಪ್ಪ-ಅಮ್ಮನ ಗಡಿಯಾರದಲ್ಲಿ ಲೆಕ್ಕ ಹಾಕೋಣ.

ವಿಮಾನ ನೆಲ ಮುಟ್ಟಿದ ಸಮಯವೇ ಬೇರೆ, ಬಾಗಿಲು ತೆಗೆಯೋ ಸಮಯವೇ ಬೇರೆ. ಕೆಲವು ಸಲ ವಿಮಾನವನ್ನ ಕಟ್ಟಡಕ್ಕೆ ತಂದು ಆನಿಸೋದೇ ಇಲ್ಲ, ದೂರದ ಬಯಲಲ್ಲಿ ನಿಲ್ಲಿಸ್ತಾರೆ. ಅಲ್ಲಿ ಮೆಟ್ಟಿಲಿಳಿದು ಬಸ್ ಹತ್ತಬೇಕು. ಬಸ್ ತುಂಬೋವರೆಗೆ ಹೊರಡಲ್ಲ. ಇಷ್ಟಕ್ಕೇ ಅರ್ಧ ಗಂಟೆ ಇಟ್ಕೊಳ್ಳಿ.

ಆಮೇಲೆ ಸೆಕ್ಯುರಿಟಿ. ಇದು ಬಹಳ ಜನಕ್ಕೆ ಗೊತ್ತಿರಲ್ಲ. ಬೆಂಗಳೂರಲ್ಲಿ ಒಂದು ಸಲ ಆಗಿರುತ್ತೆ, ಆದರೂ ಭಾರತದಿಂದ ಬಂದವರು ಇಲ್ಲಿ ಇಳಿದು ಮುಂದಕ್ಕೆ ಹೋಗೋಕೆ ಮತ್ತೆ ಸೆಕ್ಯುರಿಟಿ ದಾಟಲೇಬೇಕು. ಬೆಳಗ್ಗೆ ಏಷ್ಯಾ ಕಡೆಯಿಂದ ಒಂದರ ಹಿಂದೊಂದು ವಿಮಾನ ಬಂದು ಇಳಿಯೋ ಹೊತ್ತಲ್ಲಿ ಆ ಸಾಲು ಹತ್ತು ನಿಮಿಷವೂ ಆಗಬಹುದು, ಮುಕ್ಕಾಲು ಗಂಟೆಯೂ ಆಗಬಹುದು. ನಾನು ಎರಡನ್ನೂ ಕಂಡಿದ್ದೀನಿ.

ಟರ್ಮಿನಲ್ 1ರಲ್ಲಿ ಎ, ಬಿ, ಸಿ, ಝಡ್ ಅಂತ ಭಾಗಗಳಿವೆ. ಎ ಮತ್ತು ಝಡ್ ಒಂದೇ ಉದ್ದನೆ ಕಟ್ಟಡದ ಎರಡು ಮಹಡಿ; ಕೆಳಗಡೆ ಎ, ಮೇಲ್ಗಡೆ ಝಡ್. ಎ ಇರೋದು ಷೆಂಗೆನ್ ದೇಶಗಳಿಗೆ, ಅಂದ್ರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳಿಗೆ ಹೋಗೋರಿಗೆ, ಝಡ್ ಅದರ ಹೊರಗಿನ ದೇಶಗಳಿಗೆ. ಅಮೆರಿಕದ ವಿಮಾನಗಳು ಬಹಳಷ್ಟು ಝಡ್‌ನಿಂದ ಹೊರಡುತ್ವೆ. ಎ, ಝಡ್ ಇರೋ ಹೊಸ ಭಾಗ 2012ರಲ್ಲಿ ಶುರುವಾಗಿದ್ದು, ಅದೊಂದೇ ಸುಮಾರು 800 ಮೀಟರ್ ಉದ್ದ. ಬಿ ಕಡೆ ಇಳಿದರೆ ನೆಲದಡಿಯ ಸುರಂಗದಲ್ಲಿ ನಡೆದು ಬರಬೇಕು, ಇಲ್ಲಾ ಸ್ಕೈಲೈನ್ ಅನ್ನೋ ಪುಟ್ಟ ರೈಲು ಹತ್ತಬೇಕು. ಎ ಅಂತ ತಪ್ಪು ಓದ್ಕೊಂಡು ಪಾಸ್‌ಪೋರ್ಟ್ ಸಾಲಲ್ಲಿ ನಿಂತರೆ, ಷೆಂಗೆನ್ ವೀಸಾ ಇಲ್ಲ ಅಂತ ವಾಪಸ್ ಕಳಿಸ್ತಾರೆ. ಬೇರೇನೂ ತೊಂದರೆ ಇಲ್ಲ, ಹೊತ್ತು ಹೋಗಿರುತ್ತೆ ಅಷ್ಟೆ. ಹೊರದೇಶದಿಂದ ಬಂದು ಹೊರದೇಶಕ್ಕೆ ಹೋಗೋರು ಜರ್ಮನಿಯ ಇಮಿಗ್ರೇಷನ್ ದಾಟೋದೇ ಬೇಡ. ಇದನ್ನ ಅಪ್ಪಂಗೆ ನಾಲ್ಕು ಸಲ ಹೇಳಿ.

ಕೊನೆಗೆ ಗೇಟು. ಅಮೆರಿಕದ ವಿಮಾನಕ್ಕೆ ಗೇಟಿನ ಹತ್ತಿರ ಮತ್ತೆ ಪಾಸ್‌ಪೋರ್ಟು, ವೀಸಾ ನೋಡಿ ಒಂದೆರಡು ಪ್ರಶ್ನೆ ಕೇಳ್ತಾರೆ. ಹೊರಡೋ ಸಮಯ 9:35 ಅಂದ್ರೆ ಅಷ್ಟೊತ್ತಿಗೆ ಹೋಗಿ ನಿಲ್ಲೋದಲ್ಲ. ಕಾಲು ಗಂಟೆ, ಇಪ್ಪತ್ತು ನಿಮಿಷ ಮುಂಚೆಯೇ ಗೇಟ್ ಮುಚ್ಚಿರುತ್ತೆ. ಹಾಗಾಗಿ ನಿಮ್ಮ 85 ನಿಮಿಷ ನಿಜವಾಗಿ 65.

ಇಷ್ಟರಲ್ಲಿ ಬೆಂಗಳೂರಿಂದ ವಿಮಾನ ಅರ್ಧ ಗಂಟೆ ತಡವಾದರೆ ಏನಾಗುತ್ತೆ ಅಂತ ನೀವೇ ನೋಡಿ. ನಾನಂತೂ ಎರಡನೇದಕ್ಕೇ ಕೈಯೆತ್ತೋದು.

ಇನ್ನೊಂದು ಮಾತು. ನನ್ನನ್ನ ಯಾರಾದರೂ ಲೇಓವರ್ ಎಷ್ಟು ಇಟ್ಕೊಳ್ಳಲಿ ಅಂತ ಕೇಳಿದರೆ, ತಪ್ಪಿದರೆ ಮುಂದಿನ ವಿಮಾನ ಯಾವಾಗ ಅಂತ ವಾಪಸ್ ಕೇಳ್ತೀನಿ. ಅದೇ ದಿನ ಅದೇ ಊರಿಗೆ ಇನ್ನೆರಡು ವಿಮಾನ ಇದ್ದರೆ ಎರಡು ಗಂಟೆಗೂ ಧೈರ್ಯ ಮಾಡಬಹುದು. ಅದೇ ಕೊನೇದಾದರೆ ನಾಲ್ಕೂ ಕಡಿಮೆಯೇ. ಫ್ರಾಂಕ್‌ಫರ್ಟ್‌ನಲ್ಲಿ ರಾತ್ರಿ 11ರಿಂದ ಬೆಳಗ್ಗೆ 5ರವರೆಗೆ ವಿಮಾನ ಹಾರಾಟ ನಿಷೇಧ. ಸಂಜೆ ತಪ್ಪಿದರೆ ರಾತ್ರಿ ಅಲ್ಲೇ. ಷೆಂಗೆನ್ ವೀಸಾ ಇಲ್ಲದವರು ಹೊರಗೆ ಹೋಟೆಲಿಗೆ ಹೋಗೋದೂ ಸಲೀಸಲ್ಲ.

ಮಂಡ್ಯದ ಕಬ್ಬು

ಮೂರನೇದನ್ನ ಕೈಯಲ್ಲೂ ಮುಟ್ಬೇಡಿ ಅಕ್ಕ. ನಮ್ಮತ್ತೆ-ಮಾವಂಗೆ ನಾನು ಮಾಡಿದ್ದೆ, ಇದೇ ಥರ ದುಡ್ಡು ಉಳಿಯುತ್ತೆ ಅಂತ. ಎರಡು ಟಿಕೆಟ್ ಅಂದ್ರೆ ಲಗೇಜು ಮುಂದಕ್ಕೆ ಹೋಗಲ್ಲ. ಮಧ್ಯದ ಊರಲ್ಲಿ ಹೊರಗೆ ಬಂದು ಪೆಟ್ಟಿಗೆ ಎತ್ಕೊಂಡು ಮತ್ತೆ ಚೆಕ್-ಇನ್ ಮಾಡ್ಬೇಕು. ಹೊರಗೆ ಬರೋಕೆ ಆ ದೇಶದ ವೀಸಾ ಬೇಕು. ಅವರ ಹತ್ರ ಇರಲಿಲ್ಲ. ಬೆಂಗಳೂರಲ್ಲಿ ಚೆಕ್-ಇನ್ ಕೌಂಟರಲ್ಲೇ ನಿಲ್ಲಿಸಿಬಿಟ್ರು. ನಡುರಾತ್ರಿ ಒಂದೂವರೆಗೆ ಮಾವ ಫೋನ್ ಮಾಡಿ, "ಏನಪ್ಪಾ, ವಾಪಸ್ ಊರಿಗೆ ಹೋಗ್ಲಾ?" ಅಂದ್ರು. ಆ ದನಿ ನನಗಿನ್ನೂ ಕಿವೀಲಿದೆ. ತಪ್ಪು ಪೂರ್ತಿ ನಂದೇ, ಓದ್ಕೊಂಡಿರಲಿಲ್ಲ. ಹೊಸ ಟಿಕೆಟಿಗೆ ಉಳಿಸಿದ್ದರ ಮೂರರಷ್ಟು ಹೋಯ್ತು.

ಒಂದೇ ಟಿಕೆಟ್ ಅಂದ್ರೆ ಒಂದೇ ಪಿಎನ್‌ಆರ್ ಇರ್ಬೇಕು. ಒಂದನೇ ವಿಮಾನ ತಡವಾಗಿ ಎರಡನೇದು ತಪ್ಪಿದ್ರೆ ಮುಂದಿನದಕ್ಕೆ ಕೂರಿಸೋ ಜವಾಬ್ದಾರಿ ಆಗ ಅವರ್ದು. ಬೇರೆ ಬೇರೆ ತಗೊಂಡ್ರೆ ಎರಡನೆಯೋರು ನಿಮ್ಮನ್ನ ಬರಲಿಲ್ಲ ಅಂತ ಬರ್ಕೊಂಡು ಸುಮ್ನಾಗ್ತಾರೆ.

ತುಂಗಾತೀರದವಳು

ಮಂಡ್ಯದ ಅಣ್ಣ, ಓದಿ ಎದೆ ಧಸಕ್ಕೆಂತು. ಮೂರನೇದು ಕೈಬಿಟ್ಟೆ. ಒಂದೇ ಟಿಕೆಟ್ ತಗೊಂಡ್ರೆ ಜರ್ಮನಿಗೆ ಟ್ರಾನ್ಸಿಟ್ ವೀಸಾ ಬೇಕಾ?

ಮೈನ್ ಹೊಳೆ ದಂಡೆ

ಪಾಸ್‌ಪೋರ್ಟಲ್ಲಿ ಚಾಲ್ತಿಯಲ್ಲಿರೋ ಅಮೆರಿಕದ ವೀಸಾ ಇದ್ದರೆ ಬೇಡ, ನಿಲ್ದಾಣದ ಒಳಗೇ ವಿಮಾನ ಬದಲಿಸೋರಿಗೆ ಆ ವಿನಾಯಿತಿ ಇದೆ. ಆ ವೀಸಾ ಮೇಲೆ ಅಮೆರಿಕಕ್ಕೆ ಹೋಗಿ ವಾಪಸ್ ಬರುವಾಗಲೂ ಅನ್ವಯಿಸುತ್ತೆ. ಆದರೂ ಟಿಕೆಟ್ ತಗೊಳ್ಳೋ ಮುಂಚೆ ಬೆಂಗಳೂರಿನ ಜರ್ಮನ್ ಕಾನ್ಸುಲೇಟಿನ ವೆಬ್‌ಸೈಟಲ್ಲಿ ಒಂದು ಸಲ ನೋಡ್ಕೊಳ್ಳಿ. ಇಂಥ ನಿಯಮ ಬದಲಾಗ್ತಾ ಇರುತ್ವೆ.

ಅಪ್ಪಂಗೆ ಒಂದು ಕೆಲಸ ಕೊಡಿ. ಅಮ್ಮನನ್ನ ಕರ್ಕೊಂಡು ಒಂದು ಕಿಲೋಮೀಟರ್ ನಡೆದು, ಎಷ್ಟು ನಿಮಿಷ ಆಯ್ತು ಅಂತ ಬರೆದಿಡೋಕೆ ಹೇಳಿ.

ಕಡಲೂರಿನವ

ನಾನು ಮಂಗಳೂರಿನವ, ಗಲ್ಫಿನ ಒಂದು ದೊಡ್ಡ ನಿಲ್ದಾಣದಲ್ಲಿ ಗ್ರೌಂಡ್ ಸ್ಟಾಫ್ ಆಗಿ ಒಂಬತ್ತು ವರ್ಷ ಆಯ್ತು. ವೀಲ್‌ಚೇರ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ, ನಾನು ಹೇಳ್ತೇನೆ.

ಅಕ್ಕ, ನಿಮ್ಮ ಅಮ್ಮನಿಗೆ ಮಂಡಿನೋವು ಉಂಟು ಅಂದ್ರಲ್ಲ, ಖಂಡಿತ ಬುಕ್ ಮಾಡಿ. ದುಡ್ಡು ಕೊಡ್ಲಿಕ್ಕಿಲ್ಲ. ಆದರೆ ಕಡೇ ಪಕ್ಷ 48 ಗಂಟೆ ಮೊದಲು ಹೇಳಿರಬೇಕು, ಹೇಳುವಾಗ ಸರಿಯಾಗಿ ಹೇಳಬೇಕು. ನಮ್ಮಲ್ಲಿ ಮೂರು ಬಗೆ ಉಂಟು. ಮೆಟ್ಟಿಲು ಹತ್ತಿ ಇಳಿಯಲಿಕ್ಕೆ ಆಗುತ್ತದೆ, ದೂರ ನಡೆಯಲಿಕ್ಕೆ ಮಾತ್ರ ಆಗುವುದಿಲ್ಲ ಅಂದ್ರೆ ಒಂದು ಬಗೆ. ಮೆಟ್ಟಿಲೂ ಆಗುವುದಿಲ್ಲ ಅಂದ್ರೆ ಎರಡನೆಯದು. ಸೀಟಿನ ತನಕವೂ ಕರ್ಕೊಂಡು ಹೋಗಬೇಕು ಅಂದ್ರೆ ಮೂರನೆಯದು. ಬಯಲಲ್ಲಿ ವಿಮಾನ ನಿಲ್ಲಿಸಿದ್ರೆ ಎರಡನೆಯ ಬಗೆಯವರಿಗೆ ಮೇಲೇರುವ ಲಿಫ್ಟ್ ಗಾಡಿ ತರ್ತಾರೆ, ಮೊದಲನೆಯ ಬಗೆಯವರು ಮೆಟ್ಟಿಲಲ್ಲೇ ಇಳಿಯಬೇಕು. ನಿಮ್ಮ ಅಮ್ಮ ಮೆಟ್ಟಿಲು ಇಳಿಯಬಲ್ಲರಾ ಅಂತ ಕೇಳಿ ನೋಡಿ ಹಾಕಿಸಿ. ಬೆಂಗಳೂರಿಂದ ಫ್ರಾಂಕ್‌ಫರ್ಟ್‌ಗೆ ಹಾಕಿದ್ರೆ ಮುಂದಿನದಕ್ಕೂ ತನ್ನಷ್ಟಕ್ಕೇ ಬರುತ್ತದೆ ಅಂತ ಇರಬೇಡಿ. ಪ್ರತಿ ವಿಮಾನಕ್ಕೂ ಟಿಕೆಟಲ್ಲಿ ಬಂದಿದೆಯಾ ಅಂತ ಫೋನ್ ಮಾಡಿ ಓದಿಸಿ ಕೇಳಿ.

ವೀಲ್‌ಚೇರ್ ಉಂಟು, ಹಾಗಾಗಿ ಬೇಗ ಹೋಗಬಹುದು ಅಂತ ತುಂಬ ಜನ ತಿಳ್ಕೊಂಡಿದ್ದಾರೆ. ಹಾಗಲ್ಲ ಮಾರಾಯ್ರೆ! ವೀಲ್‌ಚೇರಿನವರು ಎಲ್ಲರಿಗಿಂತ ಕೊನೆಗೆ ಇಳಿಯುವುದು. ಆಮೇಲೆ ಹುಡುಗ ಬರುವವರೆಗೆ ಕಾಯಬೇಕು. ಒಬ್ಬ ಹುಡುಗ ಒಂದು ಕಡೆಯಿಂದ ತಂದು ಲಾಂಜಲ್ಲಿ ಬಿಡ್ತಾನೆ, ಇನ್ನೊಬ್ಬ ಬಂದು ಮುಂದಕ್ಕೆ ಕರ್ಕೊಂಡು ಹೋಗ್ತಾನೆ. ಸೆಕ್ಯುರಿಟಿಯಲ್ಲಿ ಬೇರೆ ಸಾಲು ಸಿಗುವುದು ಹೌದು, ಆದರೆ ಮೊದಲಿಗೆ ಹೋದ ಹೊತ್ತು ಹೋಯ್ತಲ್ಲ. ವೀಲ್‌ಚೇರ್ ಇದ್ರೆ ಮೂರು ಗಂಟೆಗಿಂತ ಕಡಿಮೆ ಇಡಲೇಬೇಡಿ.

ಭಾರತದಿಂದ ಹೋಗುವ ಕೆಲವು ವಿಮಾನಗಳಲ್ಲಿ ನಲವತ್ತು, ಐವತ್ತು ವೀಲ್‌ಚೇರ್ ಬರ್ತದೆ. ನಾನೇ ತಳ್ಳಿದ್ದೇನೆ. ಅದರಲ್ಲಿ ಅರ್ಧ ಜನ ನಡೆಯಬಲ್ಲವರು, ದಾರಿ ತಪ್ಪಬಾರದು ಅಂತ ಮಕ್ಕಳು ಬುಕ್ ಮಾಡಿರುವುದು. ನಿಜವಾಗಿ ಕಾಲಿಲ್ಲದ ಒಬ್ಬರು ಸೀಟಲ್ಲೇ ಮುಕ್ಕಾಲು ಗಂಟೆ ಕೂತದ್ದನ್ನು ಕಂಡಿದ್ದೇನೆ. ತುಂಬ ಬೇಜಾರಾಗ್ತದೆ.

ಹಾಸನದ ಟೀಚರ್

ಕಡಲೂರಿನ ಮಗನೇ, ನೀನು ಹೇಳುವುದು ಸರಿ, ಆದರೆ ನಮ್ಮ ಕಡೆಯಿಂದಲೂ ನೋಡಪ್ಪ. ನನ್ನ ಕಾಲು ಗಟ್ಟಿಯಾಗಿಯೇ ಇದೆ. 67ನೇ ವಯಸ್ಸಿನಲ್ಲಿ ಒಬ್ಬಳೇ ಹೋದಾಗ ನಾನೂ ವೀಲ್‌ಚೇರ್ ತೆಗೆದುಕೊಂಡಿದ್ದೆ. ಮಗ ಹಠ ಮಾಡಿದ. ನಾನು ಹೆದರಿದ್ದು ನಡೆಯುವುದಕ್ಕಲ್ಲ. ಅಷ್ಟು ದೊಡ್ಡ ಜಾಗದಲ್ಲಿ ತಪ್ಪು ತಿರುವಿನಲ್ಲಿ ಹೋಗಿಬಿಟ್ಟರೆ ಯಾರನ್ನು ಕೇಳುವುದು, ಏನಂತ ಕೇಳುವುದು ಎನ್ನುವುದಕ್ಕೆ. 34 ವರ್ಷ ಪಾಠ ಮಾಡಿದವಳು ನಾನು. ಆ ಹೆದರಿಕೆ ನನಗೇ ಹೊಸದು.

ಕಡಲೂರಿನವ

ಅಮ್ಮಾ, ತಪ್ಪು ತಿಳ್ಕೊಳ್ಬೇಡಿ. ನಿಮ್ಮಂಥವರಿಗೇ ಅಂತ ಬೇರೆ ಒಂದು ಸೌಲಭ್ಯ ಉಂಟು. ಮೀಟ್ ಅಂಡ್ ಅಸಿಸ್ಟ್ ಅಂತ ಹೇಳ್ತಾರೆ. ಕುರ್ಚಿ ಇಲ್ಲ, ಜೊತೆಗೊಬ್ಬರು ನಡೆದು ಬಂದು ಗೇಟಿನ ತನಕ ಬಿಡ್ತಾರೆ. ವಯಸ್ಸಾದವರು, ಭಾಷೆ ಬಾರದವರು ಅಂತ ಹೇಳಿ ಕೇಳಿದ್ರೆ ಕೆಲವು ಕಂಪನಿಗಳು ಹಾಗೇ ಕೊಡ್ತವೆ, ಕೆಲವು ಕಡೆ ದುಡ್ಡು ಕೊಡಬೇಕು. ಮೊದಲು ಅದನ್ನು ಕೇಳಿ ಅಂತ ನನ್ನ ವಿನಂತಿ.

ಹಾಸನದ ಟೀಚರ್

ಇದು ಗೊತ್ತೇ ಇರಲಿಲ್ಲ. ಮುಂದಿನ ಸಲ ಅದನ್ನೇ ಕೇಳುತ್ತೇನೆ, ಒಳ್ಳೆಯದಾಗಲಿ ನಿನಗೆ.

ಮಗಳೇ ತುಂಗಾತೀರ, ನನಗೆ ಬಹಳ ನೆರವಾದದ್ದು ಒಂದು ರಟ್ಟು. ಮದುವೆ ಕರೆಯೋಲೆಯಷ್ಟು ಅಗಲದ್ದು. ಒಂದು ಬದಿಯಲ್ಲಿ ಮಗ ಕನ್ನಡದಲ್ಲಿ ಕ್ರಮವಾಗಿ ಬರೆದಿದ್ದ: ಇಳಿದ ಮೇಲೆ ಎಲ್ಲರ ಹಿಂದೆ ಹೋಗಬೇಡ, ಹೊರಗೆ ಹೋಗುವವರೂ ಅವರಲ್ಲಿರುತ್ತಾರೆ, ಗೇಟ್ ಬೋರ್ಡಿನಲ್ಲಿ ನಿನ್ನ ವಿಮಾನದ ಸಂಖ್ಯೆ ಹುಡುಕು, ಊರಿನ ಹೆಸರು ನೋಡಬೇಡ, ಒಂದೇ ಊರಿಗೆ ಎರಡು ವಿಮಾನ ಇರಬಹುದು, ಹೀಗೆ. ಇನ್ನೊಂದು ಬದಿಯಲ್ಲಿ ಇಂಗ್ಲಿಷಿನಲ್ಲಿ ದಪ್ಪ ಅಕ್ಷರದಲ್ಲಿ, ನಾನು ಇಂಥ ವಿಮಾನಕ್ಕೆ ಹೋಗಬೇಕು, ನನಗೆ ಕನ್ನಡ ಮಾತ್ರ ಚೆನ್ನಾಗಿ ಬರುತ್ತದೆ, ದಯವಿಟ್ಟು ಗೇಟ್ ತೋರಿಸಿ, ತೊಂದರೆಯಾದರೆ ಈ ನಂಬರಿಗೆ ಫೋನ್ ಮಾಡಿ, ಎಂದು. ಬಾಯಿ ತೆಗೆಯದೆ ಅದನ್ನು ತೋರಿಸಿದೆ. ತೋರಿಸಿದವರೆಲ್ಲ ನಿಂತು ಓದಿದರು. ಒಬ್ಬ ಹುಡುಗಿ ಕೈ ಹಿಡಿದು ಕರೆದುಕೊಂಡೇ ಹೋದಳು.

ಗೇಟ್ ಸಂಖ್ಯೆಯನ್ನು ಮಾತ್ರ ರಟ್ಟಿನಲ್ಲಿ ಬರೆಯಬೇಡ. ಅದು ಬದಲಾಗುತ್ತದೆ.

ಇನ್ನು ಗಡಿಯಾರ. ಬೋರ್ಡಿಂಗ್ ಪಾಸಿನಲ್ಲಿರುವುದು ಆಯಾ ಊರಿನ ಸಮಯ. ಜರ್ಮನಿ ನಮಗಿಂತ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಅಕ್ಟೋಬರ್ ಕೊನೆಯ ಭಾನುವಾರ ಅವರು ಗಡಿಯಾರ ಬದಲಿಸುತ್ತಾರೆ. ನಾನು ವಾಪಸು ಬಂದದ್ದು ಅದೇ ದಿನ. ಕೈಗಡಿಯಾರವನ್ನು ಮೂರೂವರೆ ಗಂಟೆಯ ಲೆಕ್ಕಕ್ಕೆ ತಿರುಗಿಸಿಟ್ಟಿದ್ದೆ. ವಿಮಾನ ಹೋಗಿಯೇಬಿಟ್ಟಿತೆಂದು ಕುರ್ಚಿಯಲ್ಲಿ ಕೂತು ಅತ್ತೆ. ನಿಜಕ್ಕೂ ಇನ್ನೂ ಒಂದು ಗಂಟೆ ಇತ್ತು. ಅಪ್ಪನಿಗೆ ಹೇಳು, ಕೈಗಡಿಯಾರ ಬಿಚ್ಚಿ ಚೀಲದಲ್ಲಿಟ್ಟು, ಗೋಡೆಯ ಗಡಿಯಾರ ನೋಡಲಿ.

ತುಂಗಾತೀರದವಳು

ಟೀಚರಮ್ಮ, ನಿಮ್ಮ ಮಾತು ಓದಿ ಕಣ್ಣು ತುಂಬಿ ಬಂತು. ರಟ್ಟು ಇವತ್ತೇ ಬರೆಯೋಕೆ ಕೂರ್ತೀನಿ.

ಮೈನ್ ಅಣ್ಣ, ಅಪ್ಪ ನಿಮ್ಮ ಕೆಲಸ ಮಾಡಿ ಮುಗಿಸಿದ್ರು. ಮನೆಯಿಂದ ಹೊಳೆದಂಡೆಯ ರಾಮೇಶ್ವರ ದೇವಸ್ಥಾನಕ್ಕೆ ಹತ್ತಿರ ಹತ್ತಿರ ಒಂದು ಕಿಲೋಮೀಟರ್. ಅಮ್ಮಂಗೆ 27 ನಿಮಿಷ. ಮಧ್ಯೆ ಎರಡು ಕಡೆ ಕೂತ್ಕೊಂಡ್ರಂತೆ. ದೇವಸ್ಥಾನದ ಮೆಟ್ಟಿಲು ಇಳಿಯುವಾಗ ಅಪ್ಪನ ಭುಜ ಹಿಡ್ಕೊಂಡ್ರಂತೆ. ಅಂದ್ರೆ ಎರಡನೇ ಬಗೆಯ ವೀಲ್‌ಚೇರ್ ಅಲ್ವಾ ಕಡಲೂರಿನ ಅಣ್ಣ?

ಆ 27 ನಿಮಿಷ ಕೇಳಿದ ಮೇಲೆ ನಮ್ಮೆಜಮಾನ್ರೂ ಎರಡನೇ ಟಿಕೆಟಿಗೆ ಒಪ್ಪಿದ್ರು.

ಕಡಲೂರಿನವ

ಹೌದು ಅಕ್ಕ, ಎರಡನೆಯದೇ ಹಾಕಿಸಿ.

ಇನ್ನೊಂದು ದಾರಿಯೂ ಉಂಟು, ನೋಡಿ. ಅಬುಧಾಬಿಯಲ್ಲಿ 2014ರಿಂದ ಅಮೆರಿಕದ ಇಮಿಗ್ರೇಷನ್, ಕಸ್ಟಮ್ಸ್ ಅಲ್ಲೇ ಮುಗಿಯುತ್ತದೆ. ಅಮೆರಿಕದಲ್ಲಿ ಇಳಿದ ಮೇಲೆ ಊರಿಂದೂರಿಗೆ ಹೋದವರ ಹಾಗೆ ಸೀದಾ ಹೊರಗೆ ಬರಬಹುದು. ಆದರೆ ಅಷ್ಟೆಲ್ಲ ಅಬುಧಾಬಿಯಲ್ಲೇ ಆಗಬೇಕಲ್ಲ, ಅಲ್ಲಿ ಮೂರು ಗಂಟೆಯ ಮೇಲೆಯೇ ಬೇಕು.

ಓಹೇರ್ ಹತ್ತಿರ

ಫ್ರಾಂಕ್‌ಫರ್ಟ್ ಬಗ್ಗೆ ಎಲ್ಲಾ ಬಂತು. ಶಿಕಾಗೊ ಬಗ್ಗೆ ಯಾರೂ ಏನೂ ಹೇಳಲಿಲ್ಲ. ನನ್ನ ಕೇಳಿದರೆ ಕಷ್ಟ ಇರೋದೇ ಇಲ್ಲಿ.

ಅಮೆರಿಕದಲ್ಲಿ ಮೊದಲು ಇಳಿಯೋ ಊರಲ್ಲೇ ಇಮಿಗ್ರೇಷನ್. ಲಗೇಜಿಗೆ ಡೆ ಮಾಯ್ನ್ ಅಂತ ಚೀಟಿ ಕಟ್ಟಿದ್ದರೂ ಶಿಕಾಗೊದಲ್ಲಿ ಬೆಲ್ಟಿಂದ ಎತ್ಕೊಳ್ಳಬೇಕು, ಕಸ್ಟಮ್ಸ್ ದಾಟಿ ಮತ್ತೆ ಬೆಲ್ಟಿಗೆ ಹಾಕಬೇಕು. 23 ಕೆಜಿಯ ನಾಲ್ಕು ಪೆಟ್ಟಿಗೆ. ಆಮೇಲೆ ಹೊರದೇಶದ ವಿಮಾನ ಇಳಿಯೋ ಟರ್ಮಿನಲ್ 5ರಿಂದ ಊರೊಳಗಿನ ವಿಮಾನಗಳ ಟರ್ಮಿನಲಿಗೆ ರೈಲು ಹತ್ತಿ ಹೋಗಬೇಕು. ಅಲ್ಲಿ ಮತ್ತೆ ಸೆಕ್ಯುರಿಟಿ. ಇಮಿಗ್ರೇಷನ್ ಸಾಲು 20 ನಿಮಿಷವೂ ಆಗಬಹುದು, ಮಧ್ಯಾಹ್ನ ಯುರೋಪಿನ ವಿಮಾನಗಳೆಲ್ಲ ಒಟ್ಟಿಗೆ ಬಂದರೆ ಎರಡು ಗಂಟೆಯೂ ಆಗಬಹುದು. ಇಡೀ ದಿನ ಪ್ರಯಾಣ ಮಾಡಿ ಸುಸ್ತಾದವರು ಇಷ್ಟೆಲ್ಲ ಮಾಡಬೇಕು.

ಅದಕ್ಕೆ ನನ್ನ ಸಲಹೆ: ಡೆ ಮಾಯ್ನ್‌ವರೆಗೆ ಟಿಕೆಟ್ ತಗೊಳ್ಳಲೇಬೇಡಿ. ಶಿಕಾಗೊವರೆಗೆ ಮಾತ್ರ ತಗೊಳ್ಳಿ. ನಿಮ್ಮೆಜಮಾನ್ರು ಕಾರಲ್ಲಿ ಬರಲಿ. 530 ಕಿಲೋಮೀಟರ್, ಐದರಿಂದ ಐದೂವರೆ ಗಂಟೆ ದಾರಿ. ವಿಮಾನ ಎಷ್ಟು ತಡವಾದರೂ ಅವರು ಹೊರಗೆ ನಿಂತಿರ್ತಾರೆ. ಆದರೆ ಡೆ ಮಾಯ್ನ್‌ವರೆಗೆ ಟಿಕೆಟ್ ತಗೊಂಡು ಶಿಕಾಗೊದಲ್ಲಿ ಇಳಿದುಬಿಡೋದು ಬೇಡ. ಒಂದು ವಿಮಾನ ಹತ್ತದೆ ಬಿಟ್ಟರೆ ಟಿಕೆಟಿನ ಉಳಿದ ಭಾಗ, ವಾಪಸ್ ಬರೋದೂ ಸೇರಿ ರದ್ದಾಗುತ್ತೆ.

ಅದೇ ದಿನ ಅಷ್ಟು ದೂರ ಕೂರಿಸಬೇಡಿ. ನಮ್ಮನೆ ನೇಪರ್‌ವಿಲ್‌ನಲ್ಲಿ, ನಿಮಗೆ ದಾರಿ ಮೇಲೇ ಸಿಗುತ್ತೆ. ಒಂದು ರಾತ್ರಿ ಮಲಗಿ ಹೋಗಲಿ. ನನ್ನ ಹೆಂಡತಿಯೂ ಶಿವಮೊಗ್ಗದ ಕಡೆಯವಳೇ. ಮಾತು ಸುಮ್ಮನೆ ಆಡ್ತಿಲ್ಲ.

ಧಾರವಾಡದಾಂವ

ಇದು ಬರೋಬ್ಬರಿ ಐತಿ ನೋಡ್ರಿ. ನಾ ಮೊದಲ ಹೇಳಿದ್ದನ್ನ ವಾಪಸ್ ತಗೋತೀನ್ರಿ ಅಕ್ಕಾರ. ಹೋದ ವಾರ ಮತ್ತ ಫ್ರಾಂಕ್‌ಫರ್ಟ್ ಮ್ಯಾಲಿಂದ ಹೋಗೋದಿತ್ತು. ನಿಮ್ಮ ತಾಯಿಯವ್ರು ನೆನಪಾದ್ರು. ಫೋನಿನ್ಯಾಗ ಟೈಮರ್ ಹಚ್ಚಿದೆ. ಬಾಗಲ ತೆರದಾಗಿಂದ ಝಡ್ ಗೇಟ್ ಮುಟ್ಟೂತನ 52 ನಿಮಿಷ. ಅದೂ ನಾ ಒಬ್ಬನ, ಒಂದ ಬ್ಯಾಗ್ ಹಿಡಕೊಂಡು, ಬಿರಬಿರ ನಡದು. ಇಷ್ಟ ದಿನ ನನಗ ಅದು ಗೊತ್ತ ಇದ್ದಿಲ್ಲ.

ಒಂದ ಮಾತು. ತಡ ಆದ್ರ ಯುರೋಪಿನ ಕಾನೂನಿನ ಪ್ರಕಾರ 600 ಯುರೋ ಸಿಗತೈತಿ ಅಂತ ಎಲ್ಲಾರೂ ಹೇಳ್ತಾರಲ್ರಿ, ಅದು ಇವ್ರಿಗೂ ಬರತೈತೇನು?

ಮೈನ್ ಹೊಳೆ ದಂಡೆ

ಇಲ್ಲ ಅಣ್ಣ, ಅದನ್ನ ನಂಬ್ಕೊಂಡು ಲೆಕ್ಕ ಹಾಕೋದು ಬೇಡ. ಯುರೋಪಿನ ಕಂಪನಿಯೇ ಆದರೂ, ಒಂದೇ ಟಿಕೆಟಿನಲ್ಲಿ ಹೊರಡೋ ಊರು, ಕೊನೆಗೆ ತಲುಪೋ ಊರು ಎರಡೂ ಯುರೋಪಿನ ಹೊರಗಿದ್ದು, ಮಧ್ಯೆ ವಿಮಾನ ಬದಲಿಸೋದು ಮಾತ್ರ ಇಲ್ಲಿ ಅಂತಾದರೆ ಆ ಪರಿಹಾರ ಅನ್ವಯಿಸಲ್ಲ ಅಂತ ಐರೋಪ್ಯ ನ್ಯಾಯಾಲಯ 2022ರಲ್ಲಿ ತೀರ್ಪು ಕೊಟ್ಟಿದೆ. ಬೆಂಗಳೂರು–ಶಿಕಾಗೊ ಅದೇ ಸಾಲಿಗೆ ಬರುತ್ತೆ. ಮುಂದಿನ ವಿಮಾನಕ್ಕೆ ಕೂರಿಸೋದನ್ನಂತೂ ಕಂಪನಿ ಮಾಡಲೇಬೇಕು.

ಮಂಡ್ಯದ ಕಬ್ಬು

ಅಕ್ಕ, ಬಾಣಂತನಕ್ಕೆ ಬರೋರು ಅಂದ್ರೆ ಸಾಮಾನು ಇದ್ದೇ ಇರುತ್ತೆ. ಲೇಹ್ಯ ಕೈಚೀಲದಲ್ಲಿ ಇಟ್ಕೋಬೇಡಿ ಅಂತ ಅಮ್ಮಂಗೆ ಹೇಳಿ. ಸೆಕ್ಯುರಿಟಿಯಲ್ಲಿ ಲೇಹ್ಯ, ತುಪ್ಪ, ಉಪ್ಪಿನಕಾಯಿ, ಮೊಸರು ಎಲ್ಲಾ ನೀರಿನ ಲೆಕ್ಕವೇ, 100 ಮಿಲಿ ದಾಟಂಗಿಲ್ಲ. ಹೊಸ ಮಷೀನ್ ಬಂದಿರೋ ಕಡೆ ಬಿಡ್ತಾರಂತೆ, ಅದನ್ನ ನಂಬ್ಕೊಂಡು ಹೋಗ್ಬೇಡಿ. ನಮ್ಮತ್ತೆ ಹೆಂಡ್ತಿಗೆ ಅಂತ ಮೂರು ದಿನ ಕೂತು ಕಾಸಿದ್ದ ಲೇಹ್ಯ ಕಣ್ಣ ಮುಂದೇನೇ ಬುಟ್ಟಿಗೆ ಹೋಯ್ತು. ಚೆಕ್-ಇನ್ ಪೆಟ್ಟಿಗೆಗೆ ಹಾಕಿ, ಡಬ್ಬಿ ಬಾಯಿಗೆ ಟೇಪ್ ಸುತ್ತಿ.

ಓಹೇರ್ ಹತ್ತಿರ

ಹೌದು. ಜೊತೆಗೆ, ಹಸಿ ಕರಿಬೇವು ಬೇಡ. ಕಿತ್ತಳೆ, ನಿಂಬೆ ಜಾತಿಯ ಗಿಡಗಳಿಗೆ ರೋಗ ತರೋ ಕೀಟ ಅದರಲ್ಲೂ ಇರುತ್ತೆ ಅಂತ ಅಮೆರಿಕ ಬಿಡಲ್ಲ. ಹಣ್ಣು, ಹಸಿ ಸೊಪ್ಪು, ಬಿತ್ತನೆ ಬೀಜ ಕೂಡ ಬೇಡ. ಕಸ್ಟಮ್ಸ್‌ನಲ್ಲಿ ತಿನ್ನೋ ಸಾಮಾನು ಇದೆಯಾ ಅಂತ ಕೇಳಿದರೆ ಹೌದು ಅನ್ನಬೇಕು. ಇಲ್ಲ ಅಂದು ಆಮೇಲೆ ಸಿಕ್ಕರೆ ದಂಡ. ಹೌದು ಅಂದರೆ ಬಹಳವೆಂದರೆ ಪೆಟ್ಟಿಗೆ ತೆಗೆದು ನೋಡ್ತಾರೆ. ಅಂಟಿನುಂಡೆ, ಓಮ, ಒಣಶುಂಠಿಗೆ ನಾನು ಕಂಡ ಹಾಗೆ ತೊಂದರೆ ಆಗಿಲ್ಲ.

ತುಂಗಾತೀರದವಳು

ಟಿಕೆಟ್ ಆಯ್ತು. ಬೆಂಗಳೂರು–ಫ್ರಾಂಕ್‌ಫರ್ಟ್–ಶಿಕಾಗೊ, ಒಂದೇ ಪಿಎನ್‌ಆರ್, ಮಧ್ಯೆ 4 ಗಂಟೆ 20 ನಿಮಿಷ. ಡೆ ಮಾಯ್ನ್ ಬಿಟ್ಟಿದ್ದಕ್ಕೆ ಸ್ವಲ್ಪ ಅಗ್ಗವೂ ಆಯ್ತು. ವೀಲ್‌ಚೇರ್ ಎರಡೂ ವಿಮಾನಕ್ಕೆ ಬಂದಿದೆ ಅಂತ ಫೋನಲ್ಲಿ ಓದಿಸಿ ಕೇಳಿದೆ. ಮೊದಲ ಸಲ ಕೇಳಿದಾಗ ಎರಡನೇದಕ್ಕೆ ಹಾಕಿರಲೇ ಇಲ್ಲ! ಕಡಲೂರಿನ ಅಣ್ಣ ಹೇಳದೇ ಇದ್ದಿದ್ರೆ ನನಗೆ ಹೊಳೀತಾನೇ ಇರಲಿಲ್ಲ.

ತುಂಗಾತೀರದವಳು (ಮೂರು ತಿಂಗಳ ನಂತರ)

ಅಪ್ಪ-ಅಮ್ಮ ಮನೆ ಸೇರಿ ನಾಲ್ಕು ದಿನ ಆಯ್ತು. ಅಪ್ಪ ದಾರಿಯುದ್ದಕ್ಕೂ ಪಂಚಾಂಗದ ಹಿಂದಿನ ಖಾಲಿ ಹಾಳೆಯಲ್ಲಿ ಗೋಡೆ ಗಡಿಯಾರ ನೋಡಿ ಬರ್ಕೊಂಡಿದ್ದಾರೆ. ಹಾಗೇ ಇಲ್ಲಿ ಇಳಿಸ್ತೀನಿ, ಮುಂದೆ ಬರೋರಿಗೆ ಬೇಕಾದೀತು.

ಫ್ರಾಂಕ್‌ಫರ್ಟ್ ಮುಟ್ಟಬೇಕಾಗಿದ್ದು 8:10ಕ್ಕೆ. ನೆಲ ಮುಟ್ಟಿದ್ದು 8:42. ಬಯಲಲ್ಲೇ ನಿಲ್ಲಿಸಿದ್ರು. ಎಲ್ಲರೂ ಇಳಿದಾದ ಮೇಲೆ ಲಿಫ್ಟ್ ಗಾಡಿ ಬಂದಿದ್ದು 9:20ಕ್ಕೆ. ಅಪ್ಪನನ್ನೂ ಅಮ್ಮನ ಜೊತೆಗೇ ಅದರಲ್ಲಿ ಕರ್ಕೊಂಡ್ರಂತೆ. ಒಂದು ಕೋಣೆಯಲ್ಲಿ ಕೂರಿಸಿ ಕಾಯಿಸಿದ್ದು 9:40ರಿಂದ 10:05. ಸೆಕ್ಯುರಿಟಿ ಮುಗಿದಿದ್ದು 10:25. ಅಲ್ಲಿ ಅಮ್ಮನ ಗಾಜಿನ ಬಳೆಗಳ ಮೇಲೆ ಮಷೀನ್ ಆಡಿಸಿ ನೋಡಿದ್ರಂತೆ, ಬಿಚ್ಚಿಸಲಿಲ್ಲ. ಝಡ್ ಗೇಟ್ ಹತ್ತಿರ ಕೂತಿದ್ದು 10:50. ವಿಮಾನ ಹೊರಡೋದು 12:30ಕ್ಕೆ.

ನಾವು ಮೊದಲು ನೋಡಿದ್ದ ಟಿಕೆಟ್ 9:35ರದ್ದು.

ಗೇಟ್ ಒಂದು ಸಲ ಬದಲಾಯ್ತು. ಅಪ್ಪಂಗೆ ಅನೌನ್ಸ್‌ಮೆಂಟ್ ಕೇಳಿಸಲಿಲ್ಲ. ಬೋರ್ಡಲ್ಲಿ ವಿಮಾನದ ಸಂಖ್ಯೆ ಕಾಣಿಸ್ತಿಲ್ಲ ಅಂತ ಅಮ್ಮನೇ ಹೇಳಿದ್ದಂತೆ. ಇಂಗ್ಲಿಷ್ ಓದೋಕೆ ಬರದಿದ್ರೂ, ರಟ್ಟಲ್ಲಿ ಬರೆದಿದ್ದ ಅಂಕಿಗಳನ್ನ ಬೋರ್ಡಿನ ಅಂಕಿಗಳ ಪಕ್ಕ ಇಟ್ಟು ಒಂದೊಂದಾಗಿ ಹೊಂದಿಸಿ ನೋಡ್ತಾ ಕೂತಿದ್ರಂತೆ. ಅಪ್ಪ ಎದ್ದು ಹೋಗಿ ಕೌಂಟರಲ್ಲಿ ರಟ್ಟು ತೋರಿಸಿದ್ರು. ಹೊಸ ಗೇಟು ಎಂಟು ಗೇಟಿನಾಚೆ. ಅಲ್ಲಿಯವರು ಒಬ್ಬರನ್ನ ಜೊತೆಗೆ ಕಳಿಸಿದ್ರು.

ಶಿಕಾಗೊದಲ್ಲಿ ಇಮಿಗ್ರೇಷನ್‌ಗೆ ಒಂದು ಗಂಟೆ ಹತ್ತು ನಿಮಿಷ. ತಿನ್ನೋ ಸಾಮಾನು ಇದೆ ಅಂತ ಅಪ್ಪ ಹೇಳಿದ್ರು. ಪಕ್ಕಕ್ಕೆ ಕರೆದು ಎರಡು ಪೆಟ್ಟಿಗೆ ತೆಗೆಸಿದ್ರು. ಅಧಿಕಾರಿ ಲೇಹ್ಯದ ಡಬ್ಬಿಯ ಟೇಪ್ ಬಿಚ್ಚಿ ಮೂಸಿ ಇದೇನು ಅಂತ ಕೇಳಿದಾಗ, ಅಪ್ಪ ಹೊಟ್ಟೆಯ ಮುಂದೆ ಕೈಯಿಟ್ಟು ಉಬ್ಬಿದ ಹಾಗೆ ತೋರಿಸಿ, ಮಗಳಿಗೆ ಅಂದ್ರಂತೆ. ಆತ ಡಬ್ಬಿ ಮುಚ್ಚಿ, ತಾನೇ ಹೊಸ ಟೇಪ್ ಸುತ್ತಿಕೊಟ್ಟನಂತೆ.

ಓಹೇರ್ ಹತ್ತಿರದ ಅಣ್ಣ-ಅತ್ತಿಗೆಗೆ ನಾನು ಏನಂತ ಹೇಳಲಿ. ಬಿಸಿನೀರು ಕಾಯಿಸಿಟ್ಟು, ಸ್ನಾನ ಆದ ಮೇಲೆ ತಿಳಿಸಾರು-ಅನ್ನ ಬಡಿಸಿದ್ರಂತೆ. ಅಮ್ಮ ಅಲ್ಲೇ ಒಂಬತ್ತು ತಾಸು ಮಲಗಿದ್ರು.

ಈಗ ಇನ್ನೊಂದು ಪ್ರಶ್ನೆ. ವಾಪಸ್ ಹೋಗೋದು ಜನವರಿಯಲ್ಲಿ. ಫ್ರಾಂಕ್‌ಫರ್ಟ್‌ನಲ್ಲಿ 2 ಗಂಟೆ 15 ನಿಮಿಷ ಇದೆ. ಬದಲಿಸಲಾ?

ಮೈನ್ ಹೊಳೆ ದಂಡೆ

ಬದಲಿಸಿ. ಜನವರಿಯಲ್ಲಿ ಶಿಕಾಗೊದಲ್ಲಿ ಹಿಮ ಬಿದ್ದರೆ ರೆಕ್ಕೆ ಮೇಲಿನ ಮಂಜು ತೊಳೆಯೋಕೆ ವಿಮಾನಗಳು ಸಾಲಲ್ಲಿ ನಿಲ್ಲುತ್ವೆ, ಅಲ್ಲೇ ಒಂದು ಗಂಟೆ ಹೋಗಬಹುದು. ಬೆಂಗಳೂರಿನ ನೇರ ವಿಮಾನ ತಪ್ಪಿದರೆ ಮಾರನೇ ದಿನವೇ, ಇಲ್ಲಾ ದೆಹಲಿ, ಮುಂಬೈ ಸುತ್ತಿ ಹೋಗಬೇಕು. ಹಿಂದಿನ ದಿನ ಶಿಕಾಗೊದಿಂದ ಇನ್ನೂ ಬೇಗ ಹೊರಡೋದು ಇದೆಯಾ ನೋಡಿ. ಐದು ಗಂಟೆ ಕೂರಬೇಕಾದರೂ ಚಿಂತೆ ಇಲ್ಲ. ದಿನಾಂಕ ಹೇಳಿ, ಆವತ್ತು ಬೆಳಗ್ಗೆಯಿಂದ ನಾನು ಫೋನ್ ಹತ್ತಿರವೇ ಇರ್ತೀನಿ. ರಟ್ಟಿನ ಹಿಂದೆ ನನ್ನ ನಂಬರೂ ಬರೀರಿ, ನಿಮಗೆ ಖಾಸಗಿಯಾಗಿ ಕಳಿಸ್ತೀನಿ.